ಮಾಥೇರಾನಿನ ಕುದುರೆ ಸವಾರಿ: ಹತ್ತುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಡಿಸೆಂಬರ್ ರಜೆಗೆ ಹುಬ್ಬಳ್ಳಿಯಿಂದ ಅತ್ತೆ-ಮಾವ ಬರುತ್ತಾರೆ. ಎಲ್ಲರೂ ಸೇರಿ ಎರಡು ದಿನ ಮುಂಬಯಿ ಹತ್ತಿರದ ಗಿರಿಧಾಮ ಮಾಥೇರಾನಿಗೆ ಹೋಗುವುದೆಂದು ಮಾತಾಗಿದೆ. ಮಗಳಿಗೆ 7 ವರ್ಷ, ಮಗನಿಗೆ 4. ಇಬ್ಬರೂ ಈಗಿನಿಂದಲೇ ಕುದುರೆ ಜಪ ಹಿಡಿದಿದ್ದಾರೆ. ನಮ್ಮ ಯಜಮಾನರ ತೂಕ 96 ಕಿಲೋ. ಕುದುರೆ ಓಡಿಸುತ್ತ ವಿಡಿಯೊ ತೆಗೆಸಿಕೊಳ್ಳಬೇಕೆಂದು ಅವರ ಆಸೆ. ಅತ್ತೆಗೆ 68, ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾವನಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ನಮ್ಮಲ್ಲಿ ಯಾರೂ ಇದುವರೆಗೆ ಕುದುರೆ ಹತ್ತಿದವರಲ್ಲ. ಯಾರು ಹತ್ತಬಹುದು, ಯಾರು ಬೇಡ? ಏನೇನು ನೋಡಿಕೊಳ್ಳಬೇಕು? ಇನ್ನೊಂದು, "ಕುದುರೆಗೆ ನೋವಾಗಲ್ವಾ ಅಮ್ಮಾ?" ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಯಾರು ಬೇಡ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಬೇಜಾರಾದರೂ ಒಂದೇ ಸಲ ಆಗಲಿ. ಮಾವನವರು ಬೇಡ. ಅತ್ತೆಯವರು ಬೇಡ. ಯಜಮಾನರೂ ಬೇಡ. ಮಗ ನಿಂತ ಕುದುರೆಯ ಮೇಲೆ ಎರಡು ನಿಮಿಷ ಕೂತು ಇಳಿದರೆ ಸಾಕು. ಉಳಿದವರು ನೀವು ಮತ್ತು ಮಗಳು. ನಿಮ್ಮಿಬ್ಬರಿಗೆ ಖಂಡಿತ ಆಗುತ್ತದೆ, ಕುದುರೆ ನಡಿಗೆಯಲ್ಲೇ ಹೋಗುವುದಾದರೆ.

ಕಾರಣ ಹೇಳುತ್ತೇನೆ. ಸಾಧಾರಣ ಎತ್ತರದ ಕುದುರೆಯಲ್ಲೂ ಜೀನು ನೆಲದಿಂದ ಸುಮಾರು ನಾಲ್ಕೂವರೆ ಅಡಿ ಮೇಲಿರುತ್ತದೆ. ಅದರ ಮೇಲೆ ಕೂತವರ ತಲೆ ಏಳು ಅಡಿ ಎತ್ತರಕ್ಕೆ ಹೋಗುತ್ತದೆ. ಅಲ್ಲಿಂದ ಬಿದ್ದಾಗ ನಿಮಗೂ ನನಗೂ ತರಚು ಗಾಯವೋ ಮಣಿಕಟ್ಟಿನ ಉಳುಕೋ ಆಗಿ ಹೋಗಬಹುದಾದ ಪೆಟ್ಟು, ಮೂಳೆ ಸವೆದವರಿಗೆ ಸೊಂಟದ ಮುರಿತವೇ ಆಗಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತ ನಿಲ್ಲದೆ ಸೋರಬಹುದು. ಮೇಲೆ ಗಾಯವೇ ಕಾಣದಿರಬಹುದು. "ಏನೂ ಆಗಿಲ್ಲ ಬಿಡ್ರಿ" ಎಂದು ಎದ್ದು ಕೂತವರು ರಾತ್ರಿ ಪ್ರಜ್ಞೆ ತಪ್ಪಬಹುದು. ಊರು ಮಾಥೇರಾನ್ ಎಂಬುದನ್ನೂ ಮರೆಯಬೇಡಿ. ಸುಮಾರು 800 ಮೀಟರ್ ಎತ್ತರದ ಬೆಟ್ಟ, ಒಳಗೆ ಮೋಟಾರು ವಾಹನವಿಲ್ಲ. ಆಂಬುಲೆನ್ಸ್‌ಗೆ ವಿನಾಯಿತಿ ಇದೆ ನಿಜ, ಆದರೆ ದೂರದ ಪಾಯಿಂಟ್‌ಗಳ (ಕಣಿವೆ ನೋಡುವ ಜಾಗಗಳ) ಕಾಡುದಾರಿಯಲ್ಲಿ ಬಿದ್ದವರನ್ನು ಹೊತ್ತೇ ತರಬೇಕು. ದೊಡ್ಡ ಪೆಟ್ಟಾದರೆ ಊರಿನ ಸಣ್ಣ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ, ಘಾಟ್ ಇಳಿದು ಕರ್ಜತ್ ಕಡೆಗೋ ನವಿ ಮುಂಬಯಿಗೋ ಓಡಬೇಕು. ಮಾಥೇರಾನಿನಲ್ಲಿ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿ ಪ್ರವಾಸಿಗರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಹೆದರಿಸಲು ಹೇಳುತ್ತಿಲ್ಲ; ಹಿರಿಯರ ಎದುರು "ಡಾಕ್ಟರು ಬೇಡ ಅಂದಿದ್ದಾರೆ" ಎಂದು ನನ್ನ ಮೇಲೆ ಹಾಕಲು ನಿಮಗೊಂದು ನೆಪ ಬೇಕಲ್ಲ. ನಾನು ಕುದುರೆಯ ಡಾಕ್ಟರು ಎಂಬುದನ್ನು ಹೇಳದಿದ್ದರೂ ನಡೆಯುತ್ತದೆ. (ನೀವು ಕೇಳಿಲ್ಲ, ಆದರೂ: ಗರ್ಭಿಣಿಯರು, ಬೆನ್ನಿನ ಡಿಸ್ಕ್ ಜಾರಿದವರು, ಫಿಟ್ಸ್ ಬರುವವರು ಇದೇ ಸಾಲಿಗೆ ಸೇರುತ್ತಾರೆ.)

ಯಜಮಾನರದು ಬೇರೆ ಲೆಕ್ಕ, ಅದು ಕುದುರೆಯ ಬೆನ್ನಿನದು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡ 20ನ್ನು ಮೀರಬಾರದು ಎನ್ನುವುದು ನಾವು ಸಾಮಾನ್ಯವಾಗಿ ಹಿಡಿಯುವ ಅಳತೆ. ಗಿರಿಧಾಮಗಳಲ್ಲಿ ಬಾಡಿಗೆಗೆ ನಿಲ್ಲುವ ನಾಡ ಕುದುರೆ 350 ಕಿಲೋ ತೂಗಿದರೆ ಚೆನ್ನಾಗಿ ಮೈಕಟ್ಟಿದೆ ಎನ್ನಬೇಕು. ಅದರ ಶೇಕಡ 20 ಎಂದರೆ 70 ಕಿಲೋ. ಅದರಲ್ಲಿ ಜೀನಿನ 10 ಕಿಲೋ ಕಳೆದರೆ ಸವಾರನಿಗೆ ಉಳಿಯುವುದು 60. ನಿಮ್ಮ ಯಜಮಾನರು ಜೀನಿನ ಸಮೇತ 106 ಕಿಲೋ, ಅಂದರೆ ಅವರಿಗೆ ಬೇಕಾದದ್ದು 530 ಕಿಲೋದ ಕುದುರೆ. ಅಂಥದ್ದು ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಇರುತ್ತದೆ, ಮಾಥೇರಾನಿಗೆ ಬಂದವರು ಕಾರು ನಿಲ್ಲಿಸುವ ದಸ್ತೂರಿ ನಾಕಾದಲ್ಲಿ ಇರುವುದಿಲ್ಲ. ಹೊರೆ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳೂ ಪೋನಿಯ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದು ಎನ್ನುತ್ತವೆ. ಅದು ಸರಕಿನ ಹೊರೆಗೆ ಮಾಡಿದ ನಿಯಮ, ಸವಾರಿಗಲ್ಲ. ಆದರೂ ಅಂದಾಜಿಗೆ ಸಾಕು. ನೀವು ನಿಮ್ಮ ತೂಕ ಬರೆದಿಲ್ಲ. ಅರವತ್ತರ ಆಸುಪಾಸಿನಲ್ಲಿದ್ದರೆ ಹತ್ತಿ. ಅದಕ್ಕಿಂತ ತುಸು ಹೆಚ್ಚಿದ್ದರೆ ದೊಡ್ಡ ಕುದುರೆ ಕೇಳಿ, ಸವಾರಿ ಚಿಕ್ಕದು ಮಾಡಿ.

ಇನ್ನು ಅಸಲು ವಿಷಯಕ್ಕೆ ಬರೋಣ. ದಸ್ತೂರಿಯಲ್ಲಿ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಮಂದಿ ಮುತ್ತಿಕೊಳ್ಳುತ್ತಾರೆ. ಟ್ರೇನ್ ಇಲ್ಲ, ತುಂಬಾ ದೂರ, ಕುದುರೆಯೇ ಗತಿ ಎಂದು ಹತ್ತು ಬಾಯಿ ಹತ್ತು ಮಾತು ಹೇಳುತ್ತವೆ. ಹೀಗೆ ತಪ್ಪು ಹೇಳಿ ಪ್ರವಾಸಿಗರನ್ನು ಸುಲಿಯುತ್ತಾರೆಂದು 2025ರ ಮಾರ್ಚಿನಲ್ಲಿ ಊರಿನವರೇ ಬೇಸತ್ತು ಬಂದ್ ಆಚರಿಸಿದ್ದರು. ಅಲ್ಲಿಂದ ಪೇಟೆಗೆ ಎರಡೂವರೆ-ಮೂರು ಕಿಲೋಮೀಟರ್, ಹೆಚ್ಚುಕಡಿಮೆ ಸಮದಾರಿ. ದಸ್ತೂರಿಯ ಪಕ್ಕದಲ್ಲೇ ಅಮನ್ ಲಾಜ್ ನಿಲ್ದಾಣವಿದೆ. ಅಲ್ಲಿಂದ ಪುಟ್ಟ ರೈಲಿನ ಶಟಲ್ ಪೇಟೆಗೆ ಹೋಗುತ್ತದೆ. 1907ರಿಂದ ಇರುವ ಹಳಿ ಅದು. ಹಿರಿಯರನ್ನೂ ಚೀಲಗಳನ್ನೂ ಅದಕ್ಕೆ ಹತ್ತಿಸಿ. ಇ-ರಿಕ್ಷಾ ಓಡುತ್ತಿದ್ದರೆ ಅದೂ ಆದೀತು. ಮನುಷ್ಯ ಎಳೆಯುವ ರಿಕ್ಷಾವನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಓದಿರುತ್ತೀರಿ. ಒಟ್ಟಿನಲ್ಲಿ ದಸ್ತೂರಿಯಲ್ಲಿ ಗಡಿಬಿಡಿಯಲ್ಲಿ ಕುದುರೆ ಹತ್ತಬೇಡಿ. ಹೋಟೆಲಿಗೆ ಹೋಗಿ, ಚಹಾ ಕುಡಿದು, ಮರುದಿನ ಬೆಳಿಗ್ಗೆ ಏಳೂವರೆ-ಎಂಟಕ್ಕೆ ಪೇಟೆಯ ಹತ್ತಿರ ಕುದುರೆಗಳು ನಿಲ್ಲುವಲ್ಲಿಗೆ ಹೋಗಿ. ಆಗ ಬಿಸಿಲಿಲ್ಲ, ಕುದುರೆ ದಣಿದಿಲ್ಲ, ಕುದುರೆಯವರಿಗೂ ನಿಮ್ಮೊಡನೆ ಮಾತಾಡಲು ಪುರುಸೊತ್ತು.

ನಮ್ಮವರು ಏನು ಮಾಡುತ್ತಾರೆ ಎಂದರೆ, ಅಲ್ಲಿ ನಿಂತು ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಗೆದ್ದ ಖುಷಿಯಲ್ಲಿ, ಮುಂದೆ ತಂದು ನಿಲ್ಲಿಸಿದ ಕುದುರೆಯನ್ನು ಕಣ್ಣೆತ್ತಿಯೂ ನೋಡದೆ ಹತ್ತಿಬಿಡುತ್ತಾರೆ. ನೀವು ಉಲ್ಟಾ ಮಾಡಿ. ಫಲಕದಲ್ಲಿ ಬರೆದ ದರವನ್ನು ತಕರಾರಿಲ್ಲದೆ ಒಪ್ಪಿಕೊಳ್ಳಿ. ಕುದುರೆ ಯಾವುದು, ವೇಗ ಎಷ್ಟು, ಹಗ್ಗ ಹಿಡಿಯುವವರು ಯಾರು ಎನ್ನುವುದಕ್ಕೆ ಜಗ್ಗಾಡಿ. ಡೊಂಬಿವಲಿಯಲ್ಲಿದ್ದೀರಿ, ಮರಾಠಿ ಬರುತ್ತದೆ. "ದರ ಬೋರ್ಡಾವರಚಾಚ ದೇತೋ, ಪಣ ಘೋಡಾ ಆಮ್ಹೀ ನಿವಡಣಾರ" (ದರ ಬೋರ್ಡಿನದ್ದೇ ಕೊಡುತ್ತೇವೆ, ಆದರೆ ಕುದುರೆ ನಾವೇ ಆರಿಸುತ್ತೇವೆ) ಎಂದು ಒಂದು ಮಾತು ಹಾಕಿದರೆ, ಇವರು ಬರೀ ಸೆಲ್ಫಿ ಗಿರಾಕಿಯಲ್ಲ ಎಂದು ಅವರಿಗೂ ಗೊತ್ತಾಗುತ್ತದೆ.

ಕುದುರೆಯನ್ನು ಆರಿಸಲು ಪಶುವೈದ್ಯರೇ ಆಗಬೇಕಿಲ್ಲ. ಹತ್ತು ಹೆಜ್ಜೆ ನಡೆಸಿ ತೋರಿಸಿ ಎನ್ನಿ. ನಿಮ್ಮ ಕಣ್ಣು ಕಾಲಿನ ಮೇಲಲ್ಲ, ತಲೆಯ ಮೇಲಿರಲಿ. ಮುಂಗಾಲು ನೊಂದಿದ್ದರೆ ಆ ಕಾಲನ್ನು ನೆಲಕ್ಕೆ ಊರುವಾಗ ಕುದುರೆ ತಲೆಯನ್ನು ಮೇಲಕ್ಕೆ ಎತ್ತುತ್ತದೆ, ಒಳ್ಳೆಯ ಕಾಲು ಊರುವಾಗ ಇಳಿಸುತ್ತದೆ. ತಲೆ ಹೀಗೆ ತೂಗುತ್ತಿದ್ದರೆ ಆ ಕುದುರೆ ಬೇಡ. ಅದು ಎಡವುವ ಕುದುರೆ. ಲಾಳದ ಸದ್ದು ಕೇಳಿ. ನಾಲ್ಕು ಕಾಲಿನದೂ ಒಂದೇ ಸಮ ಬರಬೇಕು. ಒಂದು ಕಾಲು ಮಾತ್ರ ಚಟಪಟ ಎನ್ನುತ್ತಿದ್ದರೆ ಲಾಳ ಸಡಿಲಾಗಿದೆ. ಆಮೇಲೆ ಕಡಿವಾಣದ ಎರಡು ತುದಿಯಲ್ಲಿ ತುಟಿಯ ಮೂಲೆ, ಜೀನಿನ ಕೆಳಗೆ ಹೆಗಲ ಉಬ್ಬು, ಮುಂಗಾಲಿನ ಹಿಂದೆ ಹೊಟ್ಟೆಪಟ್ಟಿ ಉಜ್ಜುವ ಜಾಗ, ಈ ಮೂರನ್ನು ನೋಡಿ. ಹಸಿ ಗಾಯವಿದ್ದರೆ, ಅಥವಾ ಅರಿಸಿನವೋ ನೀಲಿ ಔಷಧವೋ ಬಳಿದಿದ್ದರೆ ಮುಂದೆ ಹೋಗಿ. ಕಂದು ಕುದುರೆಯ ಬೆನ್ನಿನಲ್ಲಿ ಅಲ್ಲಲ್ಲಿ ಬಿಳಿ ಕೂದಲ ಮಚ್ಚೆ ಕಂಡರೆ ಅದು ಹಳೇ ಜೀನುಗಾಯ ಮಾಯ್ದ ಗುರುತು. ಅಷ್ಟಕ್ಕೇ ಕುದುರೆಯನ್ನು ಬಿಡಬೇಕಿಲ್ಲ, ಆದರೆ ಜೀನಿನ ಕೆಳಗಿನ ಕಂಬಳಿ ದಪ್ಪಗಿದೆಯೇ ಎಂದು ಎತ್ತಿ ನೋಡಿ.

ಉಸಿರು ಎಣಿಸುವುದು ಇನ್ನೂ ಸುಲಭ. ಪಕ್ಕೆಯ ಹಿಂದೆ, ಹೊಟ್ಟೆಯ ಬದಿ ಏರಿ ಇಳಿಯುವುದು ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯಲ್ಲ, ಮೂಗೊಂದೇ ದಾರಿ. ಹಾಗಾಗಿ ದಣಿದದ್ದು ಹೊಳ್ಳೆಯಲ್ಲಿ ತಕ್ಷಣ ಕಾಣುತ್ತದೆ. ಸುಮ್ಮನೆ ನಿಂತಿರುವಾಗಲೇ ಹೊಳ್ಳೆ ಅರಳಿಸಿ ಮೂವತ್ತು-ನಲವತ್ತು ಸಲ ಉಸಿರೆಳೆಯುತ್ತಿದ್ದರೆ ಈಗಷ್ಟೇ ಒಂದು ಸುತ್ತು ಮುಗಿಸಿ ಬಂದಿದೆ ಎಂದರ್ಥ. ಮಗಳಿಗೆ ಈ ಎಣಿಸುವ ಕೆಲಸ ಕೊಡಿ, ಅವಳ ಪ್ರಶ್ನೆಗೆ ಅರ್ಧ ಉತ್ತರ ಅವಳಿಗೇ ಸಿಗುತ್ತದೆ. ಕಿವಿಯನ್ನೂ ನೋಡಲಿ. ಕಿವಿ ಮುಂದಕ್ಕೂ ಪಕ್ಕಕ್ಕೂ ಆಡುತ್ತಿದ್ದರೆ ಕುದುರೆ ಸುತ್ತಲಿನದನ್ನು ಗಮನಿಸುತ್ತಿದೆ. ಹಿಂದಕ್ಕೆ ಮಡಚಿ ಕುತ್ತಿಗೆಗೆ ಅಂಟಿಸಿಕೊಂಡಿದ್ದರೆ ಸಿಟ್ಟಿನಲ್ಲಿದೆ, ಕಚ್ಚೀತು. ಮಕ್ಕಳಿಗೆ ಮುದಿ ಕುದುರೆಯೇ ಒಳ್ಳೆಯದು. ಹೊಳೆಯುವ ಮೈ, ಕುಣಿಯುವ ಕಾಲು, ಬಣ್ಣದ ಕುಚ್ಚು ಕಂಡು ಮಕ್ಕಳು ಬೊಟ್ಟು ಮಾಡುವ ಕುದುರೆ ಸಾಮಾನ್ಯವಾಗಿ ಮಕ್ಕಳಿಗೆ ತಕ್ಕದ್ದಲ್ಲ.

ಈಗ ಜೀನಿನ ಹೊಟ್ಟೆಪಟ್ಟಿ. ಅಲ್ಲಿ ಅದನ್ನು ತಂಗ್ ಎನ್ನುತ್ತಾರೆ. ಹೊಸಬರು ಬೀಳುವುದು ಕುದುರೆ ಓಡಿದ್ದರಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕುದುರೆ ಓಡದೆಯೇ, ಜೀನು ಪಕ್ಕಕ್ಕೆ ಹೊರಳಿ ಸವಾರ ಸಮೇತ ಹೊಟ್ಟೆಯ ಕೆಳಗೆ ಹೋಗುವುದೂ ಉಂಟು. ತಂಗ್ ಬಿಗಿಯುವಾಗ ಕುದುರೆ ಮೈ ಬಿಗಿಹಿಡಿದು ಎದೆ ಉಬ್ಬಿಸಿಕೊಳ್ಳುತ್ತದೆ. ಕುದುರೆಯವನು ಆ ಉಬ್ಬಿದ ಎದೆಗೆ ಬಿಗಿದು ಕೊಂಡಿ ಹಾಕುತ್ತಾನೆ. ಐದು ನಿಮಿಷ ಬಿಟ್ಟು ಕುದುರೆ ಉಸಿರು ಬಿಟ್ಟು ಮೈ ಸಡಿಲಿಸುತ್ತದೆ, ಕೆಳಗಿನ ಕಂಬಳಿಯೂ ಅಮುಕಿಕೊಳ್ಳುತ್ತದೆ, ಬಿಗಿಯಾಗಿದ್ದ ಪಟ್ಟಿಯೊಳಗೆ ಈಗ ಅಂಗೈ ಪೂರ್ತಿ ತೂರುತ್ತದೆ. ನೀವು ಎಡಗಡೆಯಿಂದ ರಿಕಾಪಿಗೆ (ಪಾದ ಇಡುವ ಕಬ್ಬಿಣದ ಬಳೆಗೆ) ಕಾಲು ಕೊಟ್ಟು ಭಾರ ಹಾಕಿದಿರೋ, ಜೀನು ಎಡಕ್ಕೇ ವಾಲುತ್ತದೆ. ಆದ್ದರಿಂದ ಜೀನು ಹಾಕಿದ ಕೂಡಲೇ ಹತ್ತಬೇಡಿ. ಕುದುರೆಯನ್ನು ಸ್ವಲ್ಪ ನಡೆಸಿ, "ತಂಗ್ ಪುನ್ಹಾ ಘಟ್ಟ ಕರಾ" (ತಂಗ್ ಮತ್ತೆ ಬಿಗಿ ಮಾಡಿ) ಎನ್ನಿ. ಎರಡು ಬೆರಳು ಬಿಗಿಯಾಗಿ ತೂರುವಷ್ಟಿದ್ದರೆ ಸರಿ. ಚರ್ಮದ ಪಟ್ಟಿ ಸೀಳಿದೆಯೇ, ಕೊಂಡಿಯ ಜಾಗದಲ್ಲಿ ಸೆಣಬಿನ ಹಗ್ಗ ಗಂಟು ಹಾಕಿದ್ದಾರೆಯೇ ಎಂದು ಆಗಲೇ ನೋಡಿಕೊಳ್ಳಿ. ಪುಣೆಯ ಕಡೆ ನನ್ನ ಬಳಿ ಬರುವ ಬಾಡಿಗೆ ಕುದುರೆಗಳ ಜೀನಿನಲ್ಲಿ ಬಹಳ ಸಲ ಹಳೆಯದಾಗಿ ಸತ್ತುಹೋಗಿರುವುದು ಈ ಪಟ್ಟಿಯೇ. ಮೇಲೆ ಹೊದಿಸಿದ ಮಖಮಲ್ಲು ಮಾತ್ರ ಹೊಸದು.

ಎರಡನೆಯದು ರಿಕಾಪು. ಬೀಳುವುದಕ್ಕಿಂತ ಭಯಂಕರವಾದದ್ದು ಬಿದ್ದಾಗ ಕಾಲು ರಿಕಾಪಿನಲ್ಲೇ ಸಿಕ್ಕಿಕೊಂಡು ಕುದುರೆ ಎಳೆದುಕೊಂಡು ಹೋಗುವುದು. ಅದಕ್ಕೆ ಕಾರಣ ಎರಡು, ತಪ್ಪು ಚಪ್ಪಲಿ ಮತ್ತು ತಪ್ಪಾಗಿ ಇಟ್ಟ ಕಾಲು. ಚಪ್ಪಲಿ, ಸ್ಯಾಂಡಲ್, ಕ್ರಾಕ್ಸ್ ಹಾಕಿದರೆ ಪಾದ ಕಬ್ಬಿಣದ ಬಳೆಯೊಳಗೆ ಪೂರ್ತಿ ತೂರಿ ಹಿಮ್ಮಡಿಯವರೆಗೆ ಹೋಗುತ್ತದೆ. ಅಗಲ ಅಡಿಯ ಟ್ರೆಕಿಂಗ್ ಶೂ ಇನ್ನೊಂದು ತೆರ, ಒತ್ತಿ ತೂರಿಸಿದ ಮೇಲೆ ಹೊರಗೇ ಬರುವುದಿಲ್ಲ. ಅರ್ಧ ಅಂಗುಲ ಹಿಮ್ಮಡಿ ಇರುವ, ಅಡಿ ನುಣುಪಾದ, ಲೇಸ್ ಗಟ್ಟಿ ಕಟ್ಟಿದ ಶೂ ಬೇಕು. ಮಗಳ ಕಪ್ಪು ಸ್ಕೂಲ್ ಶೂ ಬಹಳ ಚೆನ್ನಾಗಿ ನಡೆಯುತ್ತದೆ. ರಿಕಾಪಿನ ಮೇಲೆ ಇರಬೇಕಾದದ್ದು ಪಾದದ ಮುಂಭಾಗ, ಬೆರಳುಗಳ ಬುಡದ ದಪ್ಪ ಭಾಗ ಮಾತ್ರ. ಹಿಮ್ಮಡಿ ಕೆಳಕ್ಕೆ ಒತ್ತಿರಲಿ. ಹಿಮ್ಮಡಿ ಮೇಲೆದ್ದರೆ ಪಾದ ಮುಂದೆ ಜಾರುತ್ತದೆ, ಮೈಯೂ ಮುಂದೆ ವಾಲುತ್ತದೆ. ಇನ್ನು ಮಗಳ ಕಾಲು ರಿಕಾಪಿಗೆ ಎಟುಕದಿದ್ದರೆ ಪಟ್ಟಿ ಗಿಡ್ಡ ಮಾಡಿಸಿ. ಗಿಡ್ಡವಾಗದಿದ್ದರೆ ಅವರು ಕಾಲನ್ನು ರಿಕಾಪಿನ ಮೇಲಿನ ಚರ್ಮದ ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಸುತ್ತಾರೆ. ಎಷ್ಟೋ ಕಡೆ ಇದೇ ರೂಢಿ. ಇದಕ್ಕೆ ಮಾತ್ರ ಒಪ್ಪಲೇಬೇಡಿ. ಬಿದ್ದರೆ ಆ ಕಾಲು ಬಿಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಕಾಲು ಸುಮ್ಮನೆ ಜೋತು ಬಿಟ್ಟಿರುವುದು ಎಷ್ಟೋ ಲೇಸು. ಮಗುವನ್ನು ದುಪಟ್ಟಾದಿಂದ ಜೀನಿಗೆ ಕಟ್ಟುವುದು, ನಿಮ್ಮ ತೊಡೆಯ ಮುಂದೆ ಕೂರಿಸಿಕೊಳ್ಳುವುದು ಇವೂ ಅದೇ ಜಾತಿ. ಇಬ್ಬರು ಒಟ್ಟಿಗೆ ಬಿದ್ದರೆ ಮಗು ಕೆಳಗೆ, ನೀವು ಅದರ ಮೇಲೆ.

ಹೆಲ್ಮೆಟ್ ಕೇಳಿ. ಕೊಟ್ಟರೆ ಗಲ್ಲದ ಪಟ್ಟಿ ಕೊಂಡಿ ಹಾಕಿಕೊಳ್ಳುತ್ತದೆಯೇ ನೋಡಿ. ಪಟ್ಟಿ ಇಲ್ಲದ ಹೆಲ್ಮೆಟ್ ಟೋಪಿ ಅಷ್ಟೇ. ಮಗಳ ಸೈಕಲ್ ಹೆಲ್ಮೆಟ್ ಮನೆಯಲ್ಲಿದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಸವಾರಿಗೆಂದು ಮಾಡಿದ್ದಲ್ಲ, ಆದರೂ ಬರಿ ತಲೆಗಿಂತ ಎಷ್ಟೋ ಮೇಲು. ಸ್ಕೂಟರಿನದು ಬೇಡ, ಮಗುವಿನ ಕುತ್ತಿಗೆಗೆ ಅದು ಭಾರ. ಬಟ್ಟೆ ಪ್ಯಾಂಟೋ ಚೂಡಿದಾರೋ ಆಗಲಿ, ದುಪಟ್ಟಾ ಹೋಟೆಲಿನಲ್ಲೇ ಇರಲಿ. ಸೀರೆಯಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದನ್ನು ಯಾರು ಹೇಳಿದರೂ ಕೇಳಬೇಡಿ.

ಹತ್ತುವಾಗ ಕಟ್ಟೆಯ ಮೇಲೆ ನಿಂತು ಹತ್ತಿ. ನೆಲದಿಂದ ಜಗ್ಗಿ ಹತ್ತಿದರೆ ಕುದುರೆಯ ಬೆನ್ನೆಲುಬು ಪಕ್ಕಕ್ಕೆ ತಿರುಚುತ್ತದೆ. ಕುದುರೆಯ ಹತ್ತಿರ ಹೋಗುವುದು ಎಡ ಹೆಗಲ ಕಡೆಯಿಂದ, ಮಾತಾಡುತ್ತ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ; ಕಾಣದ್ದು ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ. ಮಕ್ಕಳು ಹಿಂದಿನಿಂದ ಓಡಿ ಬಂದು ಬಾಲ ಮುಟ್ಟಿದರೆ ಒದೆ ಬೀಳುವುದು ಸಿಟ್ಟಿನಿಂದಲ್ಲ, ಬೆಚ್ಚಿದ್ದರಿಂದ. ಮೇಲೆ ಕೂತ ಮೇಲೆ ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ, ಜಗ್ಗುತ್ತಲೂ ಇರಬೇಡಿ. ಅದರ ಆ ತುದಿ ಕಬ್ಬಿಣ, ನಾಲಿಗೆಯ ಮೇಲೆ, ವಸಡಿನ ಮೇಲೆ ಕೂತಿರುತ್ತದೆ. ಆಯ ತಪ್ಪಿದರೆ ಜೂಲು ಹಿಡಿಯಿರಿ, ಅದಕ್ಕೆ ನೋವಾಗುವುದಿಲ್ಲ. ಏರಿನಲ್ಲಿ ಮೈ ಮುಂದೆ, ಇಳಿಜಾರಿನಲ್ಲಿ ತುಸು ಹಿಂದೆ. ಇಷ್ಟು ಸಾಕು, ಉಳಿದದ್ದು ಕುದುರೆಗೆ ಗೊತ್ತು.

ಹಗ್ಗ ಹಿಡಿದವರು ನಿಮ್ಮ ಕುದುರೆಯ ಪಕ್ಕದಲ್ಲಿ ನಡೆದು ಬರಬೇಕು. ಒಬ್ಬರೇ ಮೂರು ಕುದುರೆ ನೋಡಿಕೊಳ್ಳುತ್ತೇನೆ ಎಂದರೆ ಒಪ್ಪಬೇಡಿ. ತಾವೂ ಒಂದು ಕುದುರೆ ಹತ್ತಿ ಹಿಂದಿನಿಂದ ಕೋಲಾಡಿಸಿ ನಿಮ್ಮದನ್ನು ಓಡಿಸುವವರೂ ಇದ್ದಾರೆ. ಬೇಗ ಸುತ್ತು ಮುಗಿದರೆ ಇನ್ನೊಂದು ಗಿರಾಕಿ. ಅವರ ಹೊಟ್ಟೆಪಾಡು ಅರ್ಥವಾಗುತ್ತದೆ, ಆದರೆ ಅದಕ್ಕೆ ಮಗುವನ್ನು ಪಣಕ್ಕೆ ಇಡಲಾಗದು. ದುಡ್ಡು ಮಾತಾಡುವಾಗಲೇ "ಫಕ್ತ ಚಾಲವಾಯಚಂ, ಪಳವಾಯಚಂ ನಾಹೀ" (ಬರೀ ನಡೆಸಬೇಕು, ಓಡಿಸಬಾರದು) ಎಂದು ಸ್ಪಷ್ಟವಾಗಿ ಹೇಳಿ. ಅರ್ಧ ದುಡ್ಡು ಕೊನೆಯಲ್ಲಿ ಎಂದರೂ ತಪ್ಪಿಲ್ಲ. ಕುದುರೆ ಹಿಂಡಿನ ಪ್ರಾಣಿ. ಮುಂದಿನದು ಓಡಿದರೆ ನಿಮ್ಮದೂ ಓಡುತ್ತದೆ, ನೀವು ಬೇಡ ಎಂದರೂ. ಹಾಗಾಗಿ ಕಾಲೇಜು ಹುಡುಗರ ಗುಂಪು ಹಿಂದೆ ಬರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿಕೊಂಡು ಅವರನ್ನು ಮುಂದೆ ಬಿಡಿ.

ಕೈಯಲ್ಲಿ ಏನೂ ಇರಬಾರದು. ಮುಖ್ಯವಾಗಿ ಚಿಕ್ಕಿ, ಕಡಲೆಕಾಯಿ, ಕುರುಕಲು ತಿಂಡಿಯ ಪೊಟ್ಟಣ. ಮಾಥೇರಾನಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲ ಸರಪರ ಎಂದರೆ ಊಟದ ಗಂಟೆ ಹೊಡೆದ ಹಾಗೆ. ಮರದಿಂದ ಮಂಗ ಧುಮುಕಿ ಮಗಳ ಕೈಯ ಚೀಲ ಕಿತ್ತರೆ ಕುದುರೆ ಪಕ್ಕಕ್ಕೆ ಹಾರುತ್ತದೆ, ಮಗಳು ಇದ್ದಲ್ಲೇ ಗಾಳಿಯಲ್ಲಿ ಉಳಿಯುತ್ತಾಳೆ. ಕುದುರೆಯ ಪಕ್ಕದಲ್ಲಿ ಫಟ್ಟನೆ ಕೊಡೆ ಬಿಚ್ಚಿದರೂ ಇದೇ ಕತೆ.

ಅಕಸ್ಮಾತ್ ಕುದುರೆ ಓಡಿತು ಅನ್ನಿ. ಕಿರುಚಬೇಡಿ, ಹಾರಬೇಡಿ, ಮುಂದಕ್ಕೆ ಬಾಗಿ ಕುತ್ತಿಗೆ ತಬ್ಬಿಕೊಳ್ಳಬೇಡಿ. ಮೂರೂ ಅದಕ್ಕೆ ಇನ್ನೂ ಜೋರಾಗಿ ಓಡು ಎಂದು ಹೇಳಿದಂತೆ. ಹಿಂದಕ್ಕೆ ಭಾರ ಹಾಕಿ ಕೂತು, ಹಿಮ್ಮಡಿ ಕೆಳಗೆ ಒತ್ತಿ, ಒಂದು ಬದಿಯ ಲಗಾಮನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿ. ಒಂದೇ ಸಮ ಎಳೆದರೆ ಕುದುರೆ ಎದುರು ಜಗ್ಗುತ್ತದೆ, ಆ ಜಗ್ಗಾಟದಲ್ಲಿ ನೀವು ಗೆಲ್ಲುವುದಿಲ್ಲ. ಬಿದ್ದೇ ಬಿಟ್ಟರೆ ಲಗಾಮು ಕೈಬಿಡಿ, ಗೊರಸಿನಿಂದ ದೂರಕ್ಕೆ ಹೊರಳಿ. ಕುತ್ತಿಗೆ ನೋಯುತ್ತಿದ್ದರೆ ಯಾರೂ ಎಬ್ಬಿಸದಿರಲಿ, ಹೆಲ್ಮೆಟ್ಟೂ ತೆಗೆಯದಿರಲಿ. ಕುದುರೆ ಲದ್ದಿ ಬಿದ್ದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜ ಧಾರಾಳ. ತರಚಿದ ಗಾಯವನ್ನು ಸೋಪಿನಿಂದ ಚೆನ್ನಾಗಿ ತೊಳೆದು, ಟಿಟನಸ್ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ನಿಮ್ಮ ಡಾಕ್ಟರಿಗೆ ಹೇಳಿ.

ಮಗಳ ಪ್ರಶ್ನೆಗೆ ಬರುತ್ತೇನೆ. ನೋವಾಗುವುದಿಲ್ಲ ಎಂದು ಸುಳ್ಳು ಹೇಳಬೇಡಿ. ಸರಿಯಾದ ತೂಕ, ಸರಿಯಾದ ಜೀನು, ನಡುನಡುವೆ ನೀರು, ನೆರಳು ಇದ್ದರೆ ನಡೆಯುವುದು ಕುದುರೆಗೆ ಹಿಂಸೆಯಲ್ಲ. ದಿನಕ್ಕೆ ಹತ್ತಾರು ಕಿಲೋಮೀಟರ್ ಮೇಯುತ್ತ ನಡೆಯಲು ಹುಟ್ಟಿದ ಪ್ರಾಣಿ ಅದು, ಕಟ್ಟಿಹಾಕಿದರೇ ಕೆಡುತ್ತದೆ. ಗಾಯದ ಮೇಲೆ ಜೀನು ಹಾಕುವುದು, ಕುಂಟುವಾಗ ದುಡಿಸುವುದು, ಮುಳ್ಳಿನ ಕಡಿವಾಣ ತೊಡಿಸುವುದು, ಇವು ಹಿಂಸೆ. ಮುಳ್ಳಿನ ಕಡಿವಾಣಕ್ಕೆ 1965ರ ಅದೇ ನಿಯಮಗಳಲ್ಲಿ ನಿಷೇಧವಿದೆ. ಹೊರೆಯ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದೆಂದೂ ಅಲ್ಲೇ ಬರೆದಿದೆ. ಮುಂಬಯಿಯ ವಿಕ್ಟೋರಿಯಾ ಕುದುರೆಗಾಡಿಗಳನ್ನು ನಿಮ್ಮ ಮಾವ ನೋಡಿರಬಹುದು. ಮೋಜಿಗಾಗಿ ಓಡುವ ಆ ಗಾಡಿಗಳು ಕಾನೂನುಬಾಹಿರ ಎಂದು 2015ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು, ಒಂದು ವರ್ಷದ ಗಡುವೂ ಕೊಟ್ಟಿತು. ಡಾಂಬರು, ಟ್ರಾಫಿಕ್ಕು, ಹೊಗೆ, ಕುದುರೆಗೆ ಸರಿಯಾದ ಲಾಯವಿಲ್ಲ. ಆ ತೀರ್ಪನ್ನು ನಾನು ಮೆಚ್ಚುತ್ತೇನೆ. ಮಾಥೇರಾನ್ ಹಾಗಲ್ಲ. 2003ರಲ್ಲಿ ಅದು ಪರಿಸರ ಸೂಕ್ಷ್ಮ ವಲಯವಾಯಿತು. ಅಲ್ಲಿ ಕುದುರೆ ಮನೆಮಂದಿಯ ಅನ್ನ, ಊರಿನ ಗ್ಯಾಸ್ ಸಿಲಿಂಡರು, ಸಿಮೆಂಟು ಹೊತ್ತುಕೊಂಡು ಹೋಗಲೂ ಅದೇ ಗತಿ. ಪ್ರವಾಸಿಗರೆಲ್ಲ ಒಂದೇ ಸಲ ಬೇಡ ಎಂದರೆ ಕುದುರೆಗೆ ವಿಶ್ರಾಂತಿ ಸಿಗುವುದಿಲ್ಲ, ಮೇವು ಕಡಿಮೆಯಾಗುತ್ತದೆ. ಗಾಯದ ಕುದುರೆಯನ್ನು ಬಿಟ್ಟು ಗಟ್ಟಿ ಕುದುರೆಯನ್ನು ಆರಿಸಿ, ಹೇಳಿದ ದರ ಕೊಡುವ ಗಿರಾಕಿಗಳು ಹೆಚ್ಚಾದರೆ ಗಾಯಕ್ಕೆ ಮದ್ದು ಬೀಳುತ್ತದೆ. ಇದನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ. ಗಿರಾಕಿ ಗಾಯ ನೋಡಿ ತಿರುಗಿ ಹೋದ ಸಂಜೆಯೇ ಮಾಲೀಕರು ಫೋನ್ ಮಾಡುತ್ತಾರೆ.

ತಿನ್ನಿಸುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಬಿಸ್ಕತ್ತು, ವಡಾಪಾವ್, ಭೇಳ್ ಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆಯಾಗಿ ಸಾಯಲೂಬಹುದು. ಕುದುರೆಯವರನ್ನು ಕೇಳಿ, ಉದ್ದಕ್ಕೆ ಸೀಳಿದ ಗಜ್ಜರಿಯನ್ನು ಅಂಗೈ ಚಪ್ಪಟೆ ಮಾಡಿ ಕೊಡಲಿ. ಬೆರಳು ಮಡಚಿದರೆ ಅದೂ ಗಜ್ಜರಿಯೇ ಎಂದು ಕುದುರೆ ತಿಳಿದೀತು.

ದಾರಿಯ ಬಗ್ಗೆ ಎರಡು ಮಾತು. ಡಿಸೆಂಬರಿನಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣಿನ ದಾರಿ ಒಣಗಿ ಧೂಳಾಗಿರುತ್ತದೆ. ಅಸ್ತಮಾ ಇದ್ದವರು ಪಂಪ್ ಇಟ್ಟುಕೊಳ್ಳಿ. ಪೇವರ್ ಕಲ್ಲು ಹಾಸಿದ ಕಡೆ ಕಬ್ಬಿಣದ ಲಾಳ ಜಾರುತ್ತದೆ, ಇಳಿಜಾರಿದ್ದರೆ ಇನ್ನೂ ಹೆಚ್ಚು. ಈ ಕಲ್ಲಿನ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಂಥ ಇಳಿಜಾರು ಬಂದರೆ ಇಳಿದು ನಡೆಯಿರಿ. ಮೊದಲ ಸಲಕ್ಕೆ ಶಾರ್ಲೆಟ್ ಕೆರೆಯವರೆಗೆ ಹೋಗಿ ಬಂದರೆ ಸಾಕು, ಹತ್ತು ಪಾಯಿಂಟ್ ಪ್ಯಾಕೇಜಿಗೆ ಬೀಳಬೇಡಿ. ಕಣಿವೆಯ ಅಂಚಿನ ಪಾಯಿಂಟುಗಳಿಗೆ ನೂರು ಹೆಜ್ಜೆ ಮೊದಲೇ ಇಳಿದುಬಿಡಿ. ಇಳಿಯುವಾಗ ಎರಡೂ ಕಾಲನ್ನು ರಿಕಾಪಿನಿಂದ ಬಿಡಿಸಿಕೊಂಡು, ಹೊಟ್ಟೆಯ ಮೇಲೆ ಜಾರಿ ಇಳಿಯಿರಿ. ಒಂದು ಕಾಲು ಒಳಗೇ ಇಟ್ಟು ಇನ್ನೊಂದನ್ನು ನೆಲಕ್ಕೆ ಚಾಚಿದಾಗ ಕುದುರೆ ಒಂದು ಹೆಜ್ಜೆ ಇಟ್ಟರೂ ಬಿದ್ದಿರಿ. ಮಹಾಬಳೇಶ್ವರದ ವೆಣ್ಣಾ ಕೆರೆ, ಪಂಚಗಣಿಯ ಟೇಬಲ್‌ಲ್ಯಾಂಡ್‌ಗೂ ಇದೇ ಮಾತು ಅನ್ವಯ. ಟೇಬಲ್‌ಲ್ಯಾಂಡ್ ವಿಶಾಲ ಬಯಲಾದ್ದರಿಂದ ಅಲ್ಲಿ ಓಡಿಸುವ ಚಪಲ ಹೆಚ್ಚು. ಅಲಿಬಾಗಿನಲ್ಲಿ ಇಳಿತದ ಹೊತ್ತಿಗೆ ಕುದುರೆಗಾಡಿ ಕೊಲಾಬಾ ಕೋಟೆಗೆ ನೀರಿನಲ್ಲೇ ಹೋಗುತ್ತದೆ, ಅಲ್ಲಿ ಭರತ-ಇಳಿತದ ಸಮಯ ಕೇಳದೆ ಹೊರಡಬಾರದು.

ಯಜಮಾನರ ವಿಡಿಯೊ ಉಳಿಯಿತು. ಓಡುವುದನ್ನು ಕಲಿಯಲೇಬೇಕೆಂದಿದ್ದರೆ ಮಾಥೇರಾನಿನ ಬೇರು ಎದ್ದ ದಾರಿ ಅದಕ್ಕೆ ತಕ್ಕ ಜಾಗವಲ್ಲ. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಅಮೆಚೂರ್ ರೈಡರ್ಸ್ ಕ್ಲಬ್ಬಿನಂಥ ಕಡೆ, ಬೇಲಿ ಹಾಕಿದ ಮರಳಿನ ಅಂಗಳದಲ್ಲಿ, ದೊಡ್ಡ ಕುದುರೆಯ ಮೇಲೆ ಕಲಿಸುತ್ತಾರೆ. ಪುಣೆಯಲ್ಲೂ ಸವಾರಿ ಶಾಲೆಗಳಿವೆ. ಅಲ್ಲಿಯೂ ಮೊದಲು ತೂಕ ಕೇಳುತ್ತಾರೆ. ಈ ಸಲಕ್ಕೆ ಅವರು ಮಗಳ ಕುದುರೆಯ ಇನ್ನೊಂದು ಬದಿಯಲ್ಲಿ ನಡೆದು ಬರಲಿ, ಬಲಗಡೆಯಿಂದ ಅವಳ ಮೊಣಕಾಲಿನ ಹತ್ತಿರ ಒಂದು ಕೈ ಇಟ್ಟುಕೊಂಡು. ಕುದುರೆಯವರು ಎಡಗಡೆ ಇರುತ್ತಾರೆ. ವಿಡಿಯೊ ನೀವು ತೆಗೆಯಬೇಡಿ, ಕುದುರೆಯ ಮೇಲಿರುತ್ತೀರಿ. ಮಾವನವರ ಕೈಗೆ ಮೊಬೈಲ್ ಕೊಟ್ಟು ಮುಂದಿನ ತಿರುವಿನಲ್ಲಿ, ದಾರಿಯ ಪಕ್ಕಕ್ಕೆ ನಿಲ್ಲಿಸಿ.